ಬೆಳಕು ಕುಡಿಯುತ್ತಿದ್ದ ಗುಮಾಸ್ತರು

ಪಾವಗಡದ ಬಸ್ಸಿನಲ್ಲಿ ನನಗೆ ಸೀಗೆಕಾಯಿ ಮೂಟೆ ಬರುತ್ತದೆ. ಹೋದ ತಿಂಗಳು ಮೂಟೆಯ ಜೊತೆಗೆ ಒಂದು ಸುದ್ದಿಯೂ ಬಂತು. ಮೂಟೆ ಇಳಿಸಿಕೊಡುತ್ತಾ ಕಂಡಕ್ಟರು, 'ನಿಮ್ಮ ಬಲ್ಬಿನ ಗುಮಾಸ್ತರು ಹೋಗ್ಬುಟ್ರಂತೆ ಕಣಣ್ಣ, ಮಲಗಿದ್ದಂಗೇ' ಅಂದ. ಅವತ್ತು ಆ ಮೂಟೆಯನ್ನು ತೂಕಕ್ಕೆ ಹಾಕದೆ ಒಳಗಿಡಿಸಿದೆ. ನನ್ನನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತಾಗುತ್ತದೆ. ಸ್ವಂತ ಭಾವಮೈದುನ ತಂದ ಮೂಟೆಯನ್ನೂ ನಾನು ತೂಗಿಯೇ ಇಳಿಸಿಕೊಳ್ಳುವವನು.

ನನ್ನದು ಮಧುಗಿರಿಯಲ್ಲಿ ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಎಣ್ಣೆ, ಪೂಜೆ ಸಾಮಾನು, ಬಾಣಂತಿಯ ಖಾರದ ಸಾಮಾನು, ಎಲ್ಲ ಸಿಗುತ್ತದೆ. ಹುಟ್ಟಿದ್ದು ಪಟ್ಟನಾಯಕನಹಳ್ಳಿಯ ಆಚೆ, ಕುರಿ ಕಾಯುವವರ ಮನೆಯಲ್ಲಿ. ಕುರಿಯ ಹಿಂದೆ ಹೋಗುತ್ತಾ ಯಾವ ಗಿಡ ಯಾವ ಬೇರು ಎಂದು ಕಲಿತೆ. ನಿಡುಗಲ್ಲಿನ ಬೆಟ್ಟದ ಸಾಲಿನಿಂದ ಅಂಟುವಾಳ, ಸೀಗೆ ಹೊತ್ತು ತಂದು ಸಂತೆಯಲ್ಲಿ ಗೋಣಿತಾಟು ಹಾಸಿ ಮಾರಿದೆ. ಆಮೇಲೆ ಅಂಗಡಿ. ಯಾರೂ ಕೊಟ್ಟದ್ದಲ್ಲ. ಅದಕ್ಕೇ ನನಗೆ ಬುದ್ಧಿ ಹೇಳುವ ಚಟ. ಕಾಸು ಕೊಡದೆ ಕಲಿತದ್ದನ್ನು ಕಾಸಿಲ್ಲದೆ ಹಂಚುತ್ತೇನೆ, ಅಷ್ಟೆ.

ಗುಮಾಸ್ತರು ನನ್ನ ಅಂಗಡಿಗೆ ಬರತೊಡಗಿದ್ದು ಎಪ್ಪತ್ತರ ದಶಕದ ಮಧ್ಯದಲ್ಲಿ. ಯಾವ ಕಚೇರಿ ಎಂದು ಹೇಳುವುದಿಲ್ಲ, ಮಧುಗಿರಿಯಲ್ಲಿ ಕಚೇರಿಗಳಿಗೇನು ಬರ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಮೊದಲ ಸಲ ಬಂದವರು ಅತ್ತಿತ್ತ ನೋಡಿ, ಗುಟ್ಟಿನ ಕಾಯಿಲೆಗೆ ಮದ್ದು ಕೇಳುವವರ ಹಾಗೆ ಸಣ್ಣ ದನಿಯಲ್ಲಿ ಕೇಳಿದರು: 'ಸಾವ್ಕಾರ್ರೇ, ಬುದ್ಧಿಗೆ ಏನಾದರೂ ಇದ್ಯಾ?'

ನಾನು ಮಗುವಿಗೇನೋ ಎಂದುಕೊಂಡು ಬಜೆ ಬೇರು ತೆಗೆದೆ. 'ತೇದು ಜೇನಿನಲ್ಲಿ ನೆಕ್ಕಿಸಿ ಸ್ವಾಮಿ. ಮಗ ಎಷ್ಟು ದೊಡ್ಡೋನು?'

'ನಲವತ್ತು ದಾಟಿದಾನೆ' ಎಂದರು. 'ನಾನೇ.'

ಸರ್ಕಾರಿ ನೌಕರಿಯಲ್ಲಿ ಬಡ್ತಿ ಬೇಕಾದರೆ ಇಲಾಖಾ ಪರೀಕ್ಷೆ ಎಂದು ಒಂದಿರುತ್ತದೆ. ಅದು ಪಾಸಾಗದವನು ಕುಳಿತ ಕುರ್ಚಿಯಲ್ಲೇ ಸವೆಯಬೇಕು. ನಲವತ್ತರವರೆಗೆ ಇವರಿಗೆ ಅದರ ಗೊಡವೆ ಇರಲಿಲ್ಲ. ಆಮೇಲೆ ಅವರ ಕಚೇರಿಯ ಹೆಡ್ ಗುಮಾಸ್ತರು ನಿವೃತ್ತಿಯ ಹತ್ತಿರ ಬಂದರು. ಆ ಕುರ್ಚಿ ನ್ಯಾಯವಾಗಿ ಇವರದು, ಆದರೆ ಪರೀಕ್ಷೆ ಆಗಿರಬೇಕು. ಇಲ್ಲದಿದ್ದರೆ ಅದು ಹೋಗುವುದು ಕೊರಟಗೆರೆ ಕಡೆಯಿಂದ ಬಂದ ಒಬ್ಬ ಕಿರಿಯನಿಗೆ. ಕಡತ ಹೇಗೆ ಇಡಬೇಕು, ಟಿಪ್ಪಣಿ ಹೇಗೆ ಬರೆಯಬೇಕು ಎಂದು ಆ ಕಿರಿಯನಿಗೆ ಕಲಿಸಿದವರೇ ಇವರು. ಅವನು ಒಂದೇ ಏಟಿಗೆ ಪಾಸಾಗಿ ಕುಳಿತಿದ್ದ. ಇವರು ಬರೆದರು, ಫೇಲಾದರು. ಮತ್ತೆ ಬರೆದರು, ಮತ್ತೆ ಫೇಲಾದರು.

ಅದರಲ್ಲೂ ಒಂದು ಪತ್ರಿಕೆ ಪುಸ್ತಕ ನೋಡಿಕೊಂಡು ಬರೆಯುವಂಥದು. ನಿಯಮಾವಳಿಯ ಪುಸ್ತಕ ಎದುರಿಗಿಟ್ಟುಕೊಂಡು, ಎಲ್ಲಿದೆ ಎಂದು ಹುಡುಕಿ ಉತ್ತರ ಬರೆದರಾಯಿತು. ಅದರಲ್ಲೂ ಹೋಯಿತು. ಕಿರಿಯ ಕಚೇರಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, 'ಪುಸ್ತಕ ಇಟ್ಕೊಂಡು ಫೇಲಾಗೋದು ಸುಮ್ನೆ ಮಾತಲ್ಲ ಸಾರ್, ಅದಕ್ಕೂ ಸಾಧನೆ ಬೇಕು' ಎಂದನಂತೆ. ಇವರು ನಕ್ಕು ಬಂದರು. ಬಂದು ನನ್ನ ಅಂಗಡಿಯ ಹಲಗೆಯ ಮೇಲೆ ಕುಳಿತರು.

'ಓದೋಕೆ ಕೂತರೆ ಅಕ್ಷರ ಎಲ್ಲ ಕಲಸಿಕೊಳ್ಳುತ್ತೆ. ತಲೆ ಸಿಡಿಯುತ್ತೆ, ನಿದ್ದೆ ಬರುತ್ತೆ. ನನ್ನ ಮಿದುಳಿಗೆ ಮಂಕು ಕವಿದಿದೆ' ಎಂದರು. ಯಾವುದೋ ಹಳೆಯ ವಾರಪತ್ರಿಕೆಯಲ್ಲಿ ಅವರು ಓದಿದ್ದರು: ಗಿಡ ಹೇಗೆ ಬಿಸಿಲು ಕುಡಿದು ಬೆಳೆಯುತ್ತದೋ ಹಾಗೆ ಮಿದುಳೂ ಕಣ್ಣಿನ ಮೂಲಕ ಬೆಳಕು ಕುಡಿಯುತ್ತದೆ, ಬಣ್ಣಕ್ಕೊಂದು ಗುಣ, ಜೊತೆಗೆ ಸರಿಯಾದ ಆಹಾರ ಸೇರಿದರೆ ಎಂಥ ಮಂಕೂ ಬಿಡುತ್ತದೆ. ಮಂಕಿಗೆ ಬೆಳಕೇ ಮದ್ದು ಎಂದು ಅವರಿಗೆ ಖಾತ್ರಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೂ ಆ ಮಾತು ಸರಿಯಾಗಿಯೇ ಕೇಳಿಸಿತು. ಆಹಾರದ ಭಾಗವೆಲ್ಲ ನನ್ನ ಅಂಗಡಿಯಲ್ಲೇ ಸಿಗುತ್ತಿತ್ತಲ್ಲ.

ಪ್ರಯೋಗ ಶುರುವಾಯಿತು. ಅವರು ಸುಮ್ಮನೆ ಸಿಕ್ಕಿದ್ದನ್ನೆಲ್ಲ ನುಂಗುವ ಜಾತಿಯವರಲ್ಲ. ಕಚೇರಿಯ ಶಿಸ್ತು. 'ಒಂದು ಸಲಕ್ಕೆ ಒಂದೇ ಬದಲಾವಣೆ ಸಾವ್ಕಾರ್ರೇ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯ್ತು ಅಂತ ಹೆಂಗೆ ತಿಳಿಯುತ್ತೆ?' ಈ ಮಾತನ್ನು ನಾನು ಅವರಿಂದ ಕದ್ದು ವ್ಯಾಪಾರಕ್ಕೆ ಹಾಕಿಕೊಂಡಿದ್ದೇನೆ. ನೀವೂ ಹಾಕಿಕೊಳ್ಳಿ. ಬೆಲೆ ಏರಿಸಿದ ದಿನವೇ ಜಾಗ ಬದಲಾಯಿಸಬೇಡಿ. ಗಿರಾಕಿ ಯಾತಕ್ಕೆ ಓಡಿದ ಎಂದು ತಿಳಿಯುವುದಿಲ್ಲ.

ಮೊದಲು ಬಜೆ. ಒಂದು ಬೆಳಿಗ್ಗೆ ಆಸೆಗೆ ಬಿದ್ದು ದಪ್ಪಗೆ ತೇದು ನೆಕ್ಕಿ ಕಚೇರಿಗೆ ಹೋದರು. ಅವತ್ತೇ ಮೇಲಧಿಕಾರಿ ತಪಾಸಣೆಗೆ ಬರಬೇಕೆ. ಏನೋ ಕೇಳಿದರೆ ಬಜೆಗೆ ಮರಗಟ್ಟಿದ ಇವರ ನಾಲಿಗೆ ಏಳದು. ಅಧಿಕಾರಿ, ಪಾಪ, ಬಾಯಿಹುಣ್ಣಿರಬೇಕು ಎಂದುಕೊಂಡು ರಜೆ ಕೊಟ್ಟು ಕಳಿಸಿದರಂತೆ. ಬಜೆಯನ್ನು ಅಲ್ಲಿಗೇ ಕೈಬಿಟ್ಟರು.

ಆಮೇಲೆ ಒಂದೆಲಗ. ನಮ್ಮ ಕಡೆಯ ಕಲ್ಲುನೆಲದಲ್ಲಿ ಅದು ಎಲ್ಲಿ ಬರಬೇಕು, ಅದಕ್ಕೆ ಒದ್ದೆ ಮಣ್ಣೇ ಆಗಬೇಕು. ನಾನು ಒಣಗಿಸಿದ್ದು ಕೊಡುತ್ತೇನೆ ಎಂದರೆ ಹಸಿಯೇ ಬೇಕು ಎಂದರು. ಶುಕ್ರವಾರ ಶುಕ್ರವಾರ ಅವರ ಮನೆಯವರು ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹೋಗುವವರು. ಬಡ್ತಿಗೆ ಹರಕೆ. ಇವರೂ ರಜೆ ಹಾಕಿ ಜೊತೆಗೆ ಹೊರಟರು. ಆಯಮ್ಮ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದರೆ ಇವರು ಪಂಚೆ ಎತ್ತಿ ಕಟ್ಟಿ ಕೆರೆಯ ಕೆಳಗಿನ ಕಾಲುವೆ ಬದಿಯಲ್ಲಿ ಬಗ್ಗಿ ಎಲೆ ಕೀಳುತ್ತಿದ್ದರು. ಮನೆಯಲ್ಲಿ ದಿನಾ ಒಂದೆಲಗದ ಚಟ್ನಿ, ಒಂದೆಲಗದ ತಂಬುಳಿ. ಕಡೆಗೆ ಆಯಮ್ಮ ನನ್ನ ಅಂಗಡಿಗೇ ಬಂದು ಹೇಳಿದರು: 'ಅಣ್ಣಾ, ನನಗಂತೂ ನಮ್ಮ ಮದುವೇಲಿ ಯಾರ್ಯಾರು ಏನೇನಂದ್ರು ಅಂತ ಎಲ್ಲಾ ನೆನಪಿಗೆ ಬತ್ತಾ ಅದೆ. ಇವರಿಗೆ ಮಾತ್ರ ರೂಲು ನೆನಪಿರಲ್ಲ. ಇನ್ನೊಂದಿಷ್ಟು ದಿವಸ ಕೊಟ್ಟರೆ ಇವರಿಗೇ ತೊಂದರೆ.'

ಒಂದೆಲಗ ನಿಂತಿತು. ಬಾದಾಮಿ ಬಂತು. ಬಾದಾಮಿ ಕೊಳ್ಳುವಾಗ ಒಂದು ಬೀಜ ಮುರಿದು ಕಿವಿಯ ಹತ್ತಿರ ಹಿಡಿಯಿರಿ. ಟಕ್ಕೆಂದರೆ ಕೊಳ್ಳಿ, ಮೆತ್ತಗೆ ಬಾಗಿದರೆ ಹಿಂದಕ್ಕಿಡಿ. ನಾನು ಅವರಿಗೆ ಟಕ್ಕೆನ್ನುವುದನ್ನೇ ಕೊಟ್ಟೆ. ಬೆಲೆಯಲ್ಲಿ ಮಾತ್ರ ಬಗ್ಗಲಿಲ್ಲ, ಅವರೂ ಬಗ್ಗಲಿಲ್ಲ. ಇಬ್ಬರಿಗೂ ಸಂಜೆ ಅದೊಂದು ಕಾಲಕ್ಷೇಪ. ಆಮೇಲೆ ಜ್ಯೋತಿಷ್ಮತಿ ಎಣ್ಣೆ. ಆಮೇಲೆ ಔಷಧಿ ಅಂಗಡಿಯಿಂದ ಮೀನೆಣ್ಣೆಯ ಗುಳಿಗೆ, ಅದು ಮೀನಿನದೆಂದು ಮನೆಯಲ್ಲಿ ಹೇಳದೆ. ಒಂದು ಗುಳಿಗೆ ದೇವರ ಮನೆಯ ಹತ್ತಿರ ಒಡೆದು, ಆಯಮ್ಮ ಇಡೀ ಮನೆ ತೊಳೆಸಿದರು. ತೊಳೆದವರೂ ಇವರೇ.

ಬೆಳಕಿನ ಪ್ರಯೋಗ ಇದಕ್ಕಿಂತ ಜೋರು. ನೀಲಿ ಸೀಸೆಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟು ಕುಡಿದರು. ಮಹಡಿಯ ಮೇಲೆ ಸಾಲು ಸೀಸೆ ಕಂಡು ಪಕ್ಕದ ಮನೆಯವರು, ಇವರು ಯಾರಿಗೋ ಮಾಟ ಮಾಡಿಸುತ್ತಿದ್ದಾರೆ ಎಂದು ತಮ್ಮ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಆ ನಿಂಬೆಹಣ್ಣೂ ನನ್ನ ಅಂಗಡಿಯದೇ. ಆಮೇಲೆ ಬಲ್ಬಿಗೆ ಬಣ್ಣದ ಜಿಲೇಟಿನ್ ಕಾಗದ ಸುತ್ತಿದರು. ನೀಲಿ ಹಾಕಿದರೆ ಓದಿದ್ದು ತಲೆಗೆ ಹತ್ತಲಿಲ್ಲ. ಕೆಂಪಿಗೆ ಇನ್ನೂ ಕಡೆ. ಹಳದಿ ಪರವಾಗಿಲ್ಲ. ಕಾಗದವೇ ಇಲ್ಲದ ನೂರು ಕ್ಯಾಂಡಲ್ ಬಲ್ಬು ಹಳದಿಗಿಂತ ವಾಸಿ. ಆದರೆ ನಮ್ಮೂರಿನ ಕರೆಂಟು ಸಂಜೆಯಾದರೆ ಬಲ್ಬಿನ ತಂತಿಯನ್ನು ಕೆಂಪಗೆ ಮಾಡುವುದೇ ಹೆಚ್ಚು, ಬೆಳಕು ಎಲ್ಲಿಂದ ಬಂತು. ಅದಕ್ಕೇ ಅವರು ಬೆಳಿಗ್ಗೆ ಬೆಟ್ಟದ ಬುಡದ ಬಂಡೆಯ ಮೇಲೆ ಕುಳಿತು ಸೂರ್ಯನ ಎದುರಿಗೆ ಪುಸ್ತಕ ಹಿಡಿಯತೊಡಗಿದರು. ಅಲ್ಲಿ ಓದಿದ್ದು ಅಚ್ಚೊತ್ತಿದ ಹಾಗೆ ನಿಲ್ಲುತ್ತಿತ್ತು. ಕಚೇರಿಗೆ ಹೋಗುವ ದಾರಿಯಲ್ಲಿ ನನ್ನೆದುರು ನಿಂತು ಓದಿದ ನಿಯಮವನ್ನೆಲ್ಲ ಒಪ್ಪಿಸುವರು. ನನಗೆ ಅದರ ತಲೆಬುಡ ತಿಳಿಯದು, ಆದರೆ ಎಲ್ಲೂ ತಡವರಿಸದೆ ಹೇಳುವುದನ್ನು ಕೇಳಿದರೆ ಈ ಮನುಷ್ಯ ಫೇಲಾಗುವುದು ಹೇಗೆ ಎನಿಸುತ್ತಿತ್ತು.

ಒಂದು ಸಲ ಪೌರಾಣಿಕ ನಾಟಕಕ್ಕೆ ಸೀನರಿ ಕಟ್ಟುವವರ ಹತ್ತಿರ ಫೋಕಸ್ ಲೈಟು ಬಾಡಿಗೆಗೆ ತಂದರು. ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿತು, ಯಾರು ಯಾವ ಪಾತ್ರ ಮಾಡುತ್ತಾರೆ ಎಂದು. ಒಳಗೆ ಇವರು ಆ ಹಗಲಿನಂಥ ಬೆಳಕಿನಲ್ಲಿ ಒಂದು ಅಧ್ಯಾಯ ಪೂರಾ ಓದಿ ಮುಗಿಸಿದರು. ಮುಗಿಸಿದ್ದೇ ಬೀದಿಯ ಫ್ಯೂಸು ಹೋಯಿತು. ಬಲ್ಬಿನ ಗುಮಾಸ್ತರು ಎಂಬ ಹೆಸರು ಬಂದಿದ್ದು ಆವತ್ತೇ. ಅವರಿಗೆ ಅದರ ಬೇಸರವಿಲ್ಲ. 'ಬೆಳಕು ಕೆಲಸ ಮಾಡುತ್ತೆ ಸಾವ್ಕಾರ್ರೇ. ಇದು ಸಾಬೀತು. ಇನ್ನು ಎಷ್ಟು ಕುಡಿಸಬೇಕು ಅನ್ನೋದಷ್ಟೇ ಪ್ರಶ್ನೆ.'

ಇಷ್ಟೆಲ್ಲ ಕುಡಿಸಿಕೊಂಡು ತುಮಕೂರಿಗೆ ಹೋಗಿ ಪರೀಕ್ಷೆಗೆ ಕುಳಿತರು. ಮೋಡ ಮುಚ್ಚಿದ ದಿನ, ಹೆಂಚಿನ ಹಳೆಯ ಕಟ್ಟಡ. ಪುಸ್ತಕದ ಪತ್ರಿಕೆಯಲ್ಲೇ ಮತ್ತೆ ಹೋಯಿತು.

ಈ ಸಲ ಅವರು ನಗಲೂ ಇಲ್ಲ. ಹೆಡ್ ಗುಮಾಸ್ತರು ಹೊರಡುವುದು ಬರುವ ವರ್ಷ. ಅದಕ್ಕೆ ಮುಂಚೆ ಇನ್ನೊಂದೇ ಪರೀಕ್ಷೆ. ಅದರಲ್ಲೂ ಹೋದರೆ ಪಾವಗಡಕ್ಕೆ ವರ್ಗ ಬರೆಸಿಕೊಂಡು ಹೋಗುತ್ತೇನೆ, ಅಲ್ಲಿ ನಮ್ಮತ್ತೆ ಮನೆಯಿದೆ ಎಂದರು. ತಾವು ಪೆನ್ನು ಹಿಡಿಯಲು ಕಲಿಸಿದವನ ಮುಂದೆ ಕಡತ ಹಿಡಿದು ನಿಲ್ಲುವುದು ಅವರಿಂದಾಗದು. ಪಾವಗಡದಲ್ಲೂ ಬಿಸಿಲಿಗೇನು ಕಮ್ಮಿಯಿಲ್ಲ ಬುಡಿ ಸ್ವಾಮಿ ಎಂದೆ. ಆ ಮಾತು ಅವರಿಗೆ ನಾಟಲಿಲ್ಲ.

ಅದೇ ಸುಮಾರಿಗೆ ನನಗೆ ಪೊಟ್ಟಣದ ಮೇಲಿನ ಸಣ್ಣಕ್ಷರ ಕಾಣದಾಯಿತು. ನಮ್ಮಲ್ಲಿ ಇದಕ್ಕೆ ಯಾರೂ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ನಲವತ್ತಾಯಿತು, ಚಾಳೀಸು ಬಂತು ಎಂದು ಸಂತೆಯಲ್ಲಿ ಒಂದು ಕನ್ನಡಕ ಕೊಳ್ಳುವುದು, ಮೂಗಿನ ಮೇಲಿಡುವುದು. ಸಿರಾದ ಸಂತೆಯಲ್ಲಿ ಒಬ್ಬ ಸಾಬರು ತಗಡಿನ ಪೆಟ್ಟಿಗೆಯಲ್ಲಿ ಚಾಳೀಸು ಜೋಡಿಸಿಕೊಂಡು ಕೂರುತ್ತಿದ್ದರು. ಒಂದೊಂದೇ ಹಾಕಿಕೊಂಡು ನೋಡಬೇಕು, ಕಂಡದ್ದು ನಮ್ಮದು. ನನಗೆ ಒಂದು ಹೊಂದಿತು. ಬೆಲೆ ಇಳಿಸಿ ಎಂದೆ. 'ಒಂದಕ್ಕೆ ಇಳಿಯಲ್ಲ ಭಾಯ್, ಎರಡು ತಗೊಂಡ್ರೆ ಇಳಿತದೆ' ಎಂದರು. ಹಾಗಾದರೆ ಎರಡು ಕೊಡಿ ಎಂದು ಎರಡನೆಯದನ್ನು ಅರ್ಧಕ್ಕೆ ಹಿಡಿದೆ. ಬಸ್ಸು ಹತ್ತಿದ ಮೇಲೆ ಯೋಚನೆ ಬಂತು: ನನಗಿರುವುದು ಒಂದೇ ಮೂಗು, ಇನ್ನೊಂದನ್ನು ಏನು ಮಾಡುವುದು?

ಮಾರುವುದು. ಸಂಜೆ ಮೊದಲು ಸಿಕ್ಕ ಗಿರಾಕಿ ಗುಮಾಸ್ತರು.

ಅವರು ಸಿಟ್ಟಾದರು. ಅವರಿಗೆ ತಮ್ಮ ಕಣ್ಣಿನ ಬಗ್ಗೆ ಬಹಳ ಹೆಮ್ಮೆ. ತಿರುವಿನಲ್ಲಿ ಬರುತ್ತಿರುವ ಬಸ್ಸಿನ ಬೋರ್ಡನ್ನು ಊರಿಗೆಲ್ಲ ಮೊದಲು ಓದುವವರು ಅವರೇ. 'ನನ್ನ ಕಣ್ಣಿಗೇನಾಗಿದೆ? ಅಗೋ, ಬೆಟ್ಟದ ಮೇಲೆ ಬುರುಜಿನ ಪಕ್ಕ ಮೇಕೆ ನಿಂತಿದೆ. ಕರಿದು. ನಿಮಗೆ ಕಾಣುತ್ತಾ?'

'ಮೇಕೆ ಓದಿ ಪರೀಕ್ಷೆ ಬರೀತೀರಾ ಸ್ವಾಮಿ?' ಎಂದೆ. 'ಹಾಕ್ಕೊಂಡರೆ ಕಾಸಾಗಲ್ಲ. ನೋಡಿ, ಬ್ಯಾಡಾದ್ರೆ ಬುಡಿ.'

ಕಾಸಾಗಲ್ಲ ಎಂದರೆ ಯಾರೂ ಬೇಡ ಎನ್ನುವುದಿಲ್ಲ, ಇದನ್ನು ನೆನಪಿಡಿ. ಹಾಕಿಕೊಂಡರು. ಕೈಗೆ ಸಿಕ್ಕ ಊದುಬತ್ತಿಯ ಪೊಟ್ಟಣ ಎತ್ತಿಕೊಂಡರು. ಮೇಲಿನ ಹೆಸರು ಓದಿದರು. ಅದರ ಕೆಳಗಿನ ಸಣ್ಣಕ್ಷರ ಓದಿದರು. ಮೂಲೆಯಲ್ಲಿ ಇರುವೆ ಸಾಲಿನಂತಿದ್ದ ಅಚ್ಚಿನ ಮನೆಯ ವಿಳಾಸವನ್ನೂ ಓದಿದರು. ಕನ್ನಡಕ ತೆಗೆದು ಅದನ್ನೇ ನೋಡಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಅಂಗಡಿಯ ಒಳಗೆ, ಮೂಟೆ ಒಟ್ಟಿದ ಕತ್ತಲೆ ಮೂಲೆಗೆ ಹೋದರು. ಅಲ್ಲಿಂದಲೂ ವಿಳಾಸ ಓದುವ ದನಿ ಕೇಳಿಸಿತು.

ಕಚೇರಿಯ ಕಡತಗಳೆಲ್ಲ ಕೈಬರಹ, ದಪ್ಪ ದಪ್ಪ ಅಕ್ಷರ. ಅವರ ಕುರ್ಚಿಯೂ ಬಾಗಿಲ ಬೆಳಕಿಗಿತ್ತು. ಅಲ್ಲಿ ತೊಂದರೆ ಗೊತ್ತಾಗಿರಲಿಲ್ಲ. ನಿಯಮಾವಳಿಯ ಪುಸ್ತಕವೋ, ತೆಳ್ಳನೆಯ ಕಾಗದ, ರಾಗಿ ಕಾಳಿನಂಥ ಅಕ್ಷರ. ಬಿಸಿಲಿದ್ದಾಗ ಕಾಣುತ್ತಿತ್ತು, ಕಂಡಾಗ ಓದುತ್ತಿದ್ದರು, ಓದಿದ್ದು ನೆನಪಿರುತ್ತಿತ್ತು. ಇಷ್ಟೇ.

ಹೊರಗೆ ಬಂದವರ ಮುಖದಲ್ಲಿ ಸಂತೋಷ ಇದ್ದೀತು ಎಂದು ನೋಡಿದೆ. ಇರಲಿಲ್ಲ. ಮೂಟೆಯ ಮೇಲೆ ಕುಳಿತರು.

'ಅಂದ್ರೆ ಬೆಳಕಿಂದ ನನ್ನ ಬುದ್ಧಿ ಒಂದಿಷ್ಟೂ ಹೆಚ್ಚಲಿಲ್ವಾ?'

'ಕಮ್ಮಿಯಾಗಿದ್ದರೆ ತಾನೇ ಸ್ವಾಮಿ ಹೆಚ್ಚೋಕೆ?'

ಅವರು ಆ ಊದುಬತ್ತಿ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿದರು. 'ಆಫೀಸಲ್ಲಿ ಅವನು ನನ್ನನ್ನ ದಡ್ಡ ಅಂದಿದ್ದು ಬಿಡಿ' ಎಂದರು. 'ನಾನೂ ಒಪ್ಪಿಕೊಂಡುಬಿಟ್ಟಿದ್ದೆನಲ್ಲ.'

ಚಾಳೀಸು ಕೊಂಡರು. ಚೌಕಾಸಿ ಮಾಡಿಯೇ ಕೊಂಡರು, ಅದನ್ನು ಮೆಚ್ಚಬೇಕು. ಪರೀಕ್ಷೆಯ ದಿನ ನಾನೂ ಸರಕಿಗೆ ತುಮಕೂರಿಗೆ ಹೊರಟಿದ್ದೆ, ಒಂದೇ ಬಸ್ಸು. ಕೊರಟಗೆರೆ ದಾಟುವ ತನಕ ಕನ್ನಡಕವನ್ನು ಒರೆಸುತ್ತಲೇ ಇದ್ದರು. ಇಳಿಯುವಾಗ ಚೀಲದಿಂದ ಜ್ಯೋತಿಷ್ಮತಿ ಎಣ್ಣೆಯ ಸೀಸೆ ತೆಗೆದು, ಇದನ್ನೂ ಎರಡು ತೊಟ್ಟು ಹಾಕಿಕೊಳ್ಳಲೇ ಎಂದು ನನ್ನ ಮುಖ ನೋಡಿದರು. 'ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನೀವೇ ಅಂದಿದ್ರಿ' ಎಂದೆ. ಸೀಸೆ ಒಳಗೆ ಹೋಯಿತು. ನಾನು ಮಾರಿದ ಸರಕನ್ನು ನಾನೇ ಬೇಡ ಎಂದದ್ದು ಜೀವಮಾನದಲ್ಲಿ ಅದೊಂದೇ ಸಲವಿರಬೇಕು.

ಪಾಸಾದರು. ಕುರ್ಚಿ ಬಂತು. ಊರಿನವರು ಮಾತ್ರ ಬಲ್ಬಿನಿಂದಲೇ ಪಾಸಾದರು ಎಂದು ನಂಬಿ, ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದರು. ಇವರು ಕನ್ನಡಕ ತೋರಿಸಿ ನಿಜ ಹೇಳಿದರೆ, ಗುಟ್ಟು ಬಿಟ್ಟುಕೊಡಲಿಲ್ಲ, ಜಿಪುಣ, ಎಂದು ಗೊಣಗಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ನಿವೃತ್ತಿಯಾಗಿ ಪಾವಗಡದ ಅತ್ತೆ ಮನೆ ಸೇರುವ ತನಕ ಬೆಳಿಗ್ಗೆ ಬಂಡೆಯ ಮೇಲೆ ಕೂರುವುದನ್ನು ಅವರು ಬಿಡಲಿಲ್ಲ. ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಅಷ್ಟೆ. ಇನ್ನೂ ಯಾಕೆ ಎಂದು ಕೇಳಿದ್ದಕ್ಕೆ, 'ಅಭ್ಯಾಸ ಆಗಿದೆ, ಚೆನ್ನಾಗಿರುತ್ತೆ' ಎಂದರು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಆಯುಧಪೂಜೆಗೆ ಎಷ್ಟು ಸಾಂಬ್ರಾಣಿ, ಎಷ್ಟು ಕುಂಕುಮ ಬೇಕು ಎಂದು ಕೇಳಲು ಅವರ ಕಚೇರಿಗೆ ಹೋಗಿದ್ದೆ. ಒಳಗೆ ಎಲ್ಲರೂ ಉಸಿರು ಹಿಡಿದು ಕುಳಿತಿದ್ದರು. ಆ ಕಿರಿಯ, ಈಗ ಅವನೂ ನಲವತ್ತು ದಾಟಿದವನು, ಲೆಕ್ಕವನ್ನು ನಕಲು ಮಾಡುವಾಗ ಮೂರಿದ್ದ ಕಡೆ ಎಂಟು, ಎಂಟಿದ್ದ ಕಡೆ ಮೂರು ಬರೆದಿದ್ದ. ಒಂದು ಸಲವಲ್ಲ, ಮತ್ತೆ ಮತ್ತೆ. ಈಗ ಹೆಡ್ ಗುಮಾಸ್ತರಾಗಿದ್ದ ನಮ್ಮವರು ಅವನಿಗೆ ಮೆಮೋ ಬರೆದಿದ್ದರು. ಅದು ಮೇಲೆ ಹೋದರೆ ಅವನ ಮುಂದಿನ ದಾರಿ ಮುಚ್ಚಿದಂತೆ. ಹಳೆಯದು ತೀರಿಸಿಕೊಳ್ಳುವ ದಿನ ಬಂತು ಎಂದು ಎಲ್ಲರೂ ಕಾದಿದ್ದರು. ನಾನೂ ಕಾದೆ, ಏಕೆ ಸುಳ್ಳು ಹೇಳಲಿ.

ಹೆಡ್ ಗುಮಾಸ್ತರು ಮೆಮೋ ಚಾಚಿ, 'ಓದಿ, ಆಮೇಲೆ ರುಜು ಮಾಡಿ' ಎಂದರು.

ಅವನು ತೆಗೆದುಕೊಂಡ. ಹಾಳೆಯನ್ನು ಕೈ ಚಾಚಿ ದೂರ ಹಿಡಿದ. ಮೊದಲ ಸಾಲಿನಲ್ಲಿ ತಡವರಿಸಿದ, ಎರಡನೆಯದರಲ್ಲಿ ನಿಂತುಬಿಟ್ಟ. ಅವಮಾನಕ್ಕೆ ನಿಂತ ಎಂದು ಎಲ್ಲರೂ ಅಂದುಕೊಂಡರು. ಹೆಡ್ ಗುಮಾಸ್ತರು ಮಾತ್ರ ಅವನ ಕಣ್ಣನ್ನೇ ನೋಡುತ್ತಿದ್ದರು. ತಮ್ಮ ಚಾಳೀಸು ತೆಗೆದು ಅವನ ಮುಂದಿಟ್ಟರು.

'ಇದನ್ನ ಹಾಕ್ಕೊಂಡು ಓದಿ.'

'ಬೇಡ ಸಾರ್, ನನಗೆ ಹಂಗೇನಿಲ್ಲ.'

'ಹಾಕ್ಕೊಳ್ರಿ.'

ಹಾಕಿಕೊಂಡ. ತನ್ನ ಮೇಲೆ ಬರೆದ ಆ ಮೆಮೋವನ್ನು ಮೊದಲಿಂದ ಕಡೆಯವರೆಗೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಿದ. ಓದುತ್ತಾ ಓದುತ್ತಾ ಅವನ ದನಿಯೇ ಬೇರೆಯಾಯಿತು. ಮುಗಿದ ಮೇಲೂ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

ಹೆಡ್ ಗುಮಾಸ್ತರು ಹಾಳೆ ಹಿಂದಕ್ಕೆ ತೆಗೆದುಕೊಂಡರು. 'ನಾನು ಬರೆದಿದ್ದರಲ್ಲೂ ಒಂದು ತಪ್ಪಿದೆ. ಅಜಾಗರೂಕತೆ ಅಂತ ಬರೆದಿದ್ದೆ' ಎಂದು ಅದನ್ನು ಎರಡಾಗಿ ಹರಿದರು. ಆಮೇಲೆ ಎದ್ದು, ಕೋಣೆಯ ಒಳಮೂಲೆಯಲ್ಲಿದ್ದ ಅವನ ಮೇಜಿನ ಹತ್ತಿರ ಹೋಗಿ ಅದರ ಒಂದು ತುದಿ ಹಿಡಿದರು.

'ಆ ಕಡೆ ಹಿಡ್ಕೊಳ್ಳಿ' ಎಂದರು ಅವನಿಗೆ. 'ಕಿಟಕಿ ಹತ್ರ ಹಾಕೋಣ.'